ಪರದೇಶದಿಂದ ಮರಳಿದವರ ಜ್ವರ ಮತ್ತು ಉಣುಗಿನ ಕಡಿತ



ಉಣುಗು ಎಂದರೇನೆಂದು ನಮ್ಮ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ. ಹಸುವಿನ ಕೆಚ್ಚಲಿನ ಸಂದಿಯಲ್ಲಿ, ನಾಯಿಯ ಕಿವಿಯೊಳಗೆ, ಸೊಪ್ಪಿನ ಬೆಟ್ಟದಿಂದ ದರಕು ಹೊತ್ತು ತಂದವರ ಸೊಂಟದ ಸುತ್ತ ಅದನ್ನು ಕಾಣುತ್ತಲೇ ಇದ್ದೇವೆ. ಕೆಲವು ಕಡೆ ಉಣ್ಣೆ ಎನ್ನುತ್ತಾರೆ. ಹೆಸರು ಯಾವುದಾದರೂ ಪ್ರಾಣಿ ಅದೇ ಜಾತಿಯದು. ಅದು ಕಚ್ಚಿದರೆ ಮಂಗನ ಕಾಯಿಲೆ ಬರಬಹುದೆಂಬುದನ್ನೂ ಮಲೆನಾಡಿನವರು ಕಷ್ಟಪಟ್ಟು ಕಲಿತಿದ್ದಾರೆ.

ಆದರೆ ಈಚಿನ ವರ್ಷಗಳಲ್ಲಿ ನಮ್ಮ ಮನೆಗಳ ಹೋಗುಬರುವಿಕೆ ಬದಲಾಗಿದೆ. ಮಗನೋ ಮಗಳೋ ಅಮೆರಿಕದಲ್ಲಿ, ಜರ್ಮನಿಯಲ್ಲಿ ಕೆಲಸಕ್ಕಿರುತ್ತಾರೆ. ಸೊಸೆಯ ಬಾಣಂತನಕ್ಕೆಂದು ಅತ್ತೆ ಮಾವ ಬೇಸಿಗೆಯಲ್ಲಿ ಹೋಗಿ ಆರು ತಿಂಗಳು ಇದ್ದು ಬರುತ್ತಾರೆ. ನೆರೆಮನೆಯ ಹುಡುಗ ಕೊಲ್ಲಿ ದೇಶದಲ್ಲಿದ್ದಾನೆ. ಇನ್ನೊಬ್ಬರು ಆಫ್ರಿಕಕ್ಕೆ ಹುಲಿ ಸಿಂಹ ನೋಡುವ ಪ್ರವಾಸಕ್ಕೆ ಹೋಗಿ, ಅಲ್ಲಿ ಹುಲಿಯೇ ಇಲ್ಲವೆಂದು ತಿಳಿದು ಬಂದಿದ್ದಾರೆ. ಇವರಲ್ಲಿ ಒಬ್ಬರಿಗೆ ಮರಳಿ ಬಂದ ವಾರದಲ್ಲಿ ಜ್ವರ ಬಂದರೆ ನಾವು ಏನು ಮಾಡುತ್ತೇವೆ? ಮಲೇರಿಯ, ಡೆಂಗೆ, ಟೈಫಾಯಿಡ್ ಎಂದು ರಕ್ತ ಪರೀಕ್ಷೆ ಮಾಡಿಸುತ್ತೇವೆ. ಅದು ಸರಿಯೇ. ಆದರೆ ಅಲ್ಲಿ ಹುಲ್ಲಿನಲ್ಲಿ ನಡೆದಾಡಿದ್ದರೇ, ಉಣುಗು ಹತ್ತಿತ್ತೇ ಎಂಬ ಪ್ರಶ್ನೆ ಕೇಳುವವರು ಕಡಮೆ. ಉಣುಗಿನ ಜ್ವರ ನಮ್ಮ ಕಾಡಿನದು ಮಾತ್ರ ಎಂಬ ಭಾವನೆ ನಮ್ಮಲ್ಲಿ ಉಳಿದುಬಿಟ್ಟಿದೆ.

ಈ ಪಾಠದ ಉದ್ದೇಶ ಒಂದೇ. ಜ್ವರ ಬಂದಾಗ ಎಲ್ಲಿಗೆ ಹೋಗಿದ್ದೆವು, ಯಾವ ದಿನ ಹೋಗಿದ್ದೆವು, ಅಲ್ಲಿ ಏನು ಮಾಡಿದೆವು ಎಂಬ ಮೂರು ಮಾತುಗಳನ್ನು ವೈದ್ಯರಿಗೆ ಹೇಳತಕ್ಕದ್ದು. ಅದು ಏಕೆ ಮುಖ್ಯ ಎಂಬುದನ್ನು ಮುಂದೆ ವಿವರಿಸಲಾಗಿದೆ.

1. ಉಣುಗು ಊರು ಬಿಡುವ ಪ್ರಾಣಿಯಲ್ಲ

ಉಣುಗು ಕೀಟವಲ್ಲ, ಜೇಡ, ಚೇಳುಗಳ ಬಳಗಕ್ಕೆ ಸೇರಿದ ಜೀವಿ. ಅದಕ್ಕೆ ರೆಕ್ಕೆಯಿಲ್ಲ, ಹಾರಲಾರದು, ನೆಗೆಯಲಾರದು. ಮೊಟ್ಟೆಯಿಂದ ಹೊರಬಂದ ಮರಿಗೆ ಆರು ಕಾಲು. ಅದು ಒಂದು ಪ್ರಾಣಿಯ ರಕ್ತ ಕುಡಿದು ಉದುರಿ, ಪೊರೆ ಕಳಚಿ, ಎಂಟು ಕಾಲಿನ ಎಳೆಯ ಉಣುಗಾಗುತ್ತದೆ. ಎರಡನೆಯ ಸಲ ಇನ್ನೊಂದು ಪ್ರಾಣಿಯ ರಕ್ತ ಕುಡಿದು ದೊಡ್ಡದಾಗುತ್ತದೆ. ಮೂರನೆಯ ಸಲ ಹೊಟ್ಟೆ ತುಂಬ ರಕ್ತ ಕುಡಿದ ಹೆಣ್ಣು ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಮೊದಲ ಊಟದಲ್ಲಿ ಇಲಿಯಿಂದಲೋ ಮಂಗನಿಂದಲೋ ಪಡೆದ ರೋಗಾಣುವನ್ನು ಎರಡನೆಯ ಊಟದಲ್ಲಿ ಮನುಷ್ಯನಿಗೆ ದಾಟಿಸುತ್ತದೆ. ರೋಗ ಹರಡುವ ರೀತಿ ಸ್ಥೂಲವಾಗಿ ಇಷ್ಟೇ.

ಮನುಷ್ಯನಿಗೆ ಹೆಚ್ಚಾಗಿ ತೊಂದರೆ ಕೊಡುವುದು ನಡುವಿನ ಹಂತದ ಎಳೆಯ ಉಣುಗು. ಅದು ಗಸಗಸೆ ಕಾಳಿನಷ್ಟು ಚಿಕ್ಕದು. ಕಚ್ಚಿದರೆ ನೋವೂ ಇಲ್ಲ. ಆದ್ದರಿಂದ ಉಣುಗಿನ ಜ್ವರ ಬಂದ ಅನೇಕರಿಗೆ ಉಣುಗು ಕಚ್ಚಿದ ನೆನಪೇ ಇರುವುದಿಲ್ಲ.

ಒಂದೊಂದು ಜಾತಿಯ ಉಣುಗಿಗೆ ಒಂದೊಂದು ಬಗೆಯ ನೆಲ, ತೇವ ಮತ್ತು ಪ್ರಾಣಿ ಬೇಕು. ಹೀಗಾಗಿ ಉಣುಗಿನ ರೋಗಗಳಿಗೆ ಊರಿನ ಗಡಿ ಇದೆ. ನಮ್ಮ ಬೆಟ್ಟದ ಉಣುಗು ಅಮೆರಿಕದಲ್ಲಿಲ್ಲ, ಅಲ್ಲಿಯದು ಇಲ್ಲಿಲ್ಲ. ಆದರೆ ಕಚ್ಚಿಸಿಕೊಂಡ ಮನುಷ್ಯನಿಗೆ ಗಡಿಯಿಲ್ಲ. ಕಚ್ಚಿದ ದಿನಕ್ಕೂ ಜ್ವರ ಬರುವ ದಿನಕ್ಕೂ ನಡುವೆ ಕೆಲವು ದಿನಗಳ ಬಿಡುವಿರುತ್ತದೆ. ಆ ಬಿಡುವಿನಲ್ಲಿ ಅವನು ವಿಮಾನ ಹತ್ತಿ ಮನೆಗೆ ಬಂದಿರುತ್ತಾನೆ. ಜ್ವರ ಮನೆಯಲ್ಲಿ ಕಾಣಿಸುತ್ತದೆ, ಕಾರಣ ಮಾತ್ರ ಸಾವಿರಾರು ಮೈಲಿ ದೂರದಲ್ಲಿ ಉಳಿದಿರುತ್ತದೆ.

2. ನಮ್ಮ ಊರಿನ ಜ್ವರ ಕಲಿಸಿದ ಪಾಠ

1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿದವು. ಸುತ್ತಲ ಹಳ್ಳಿಗಳ ಜನರಿಗೂ ತೀವ್ರ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿ, ಅದುವರೆಗೆ ತಿಳಿಯದಿದ್ದ ಒಂದು ವೈರಾಣುವನ್ನು ಕಂಡುಹಿಡಿದರು. ಅದು ರಷ್ಯ ದೇಶದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ವೈರಾಣುವಿಗೆ ಹತ್ತಿರದ್ದಾಗಿತ್ತು. ಆಗ ವಿಜ್ಞಾನಿಗಳಿಗೆ ಒಂದು ಸಂಶಯ ಬಂತು. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಹಕ್ಕಿಗಳು ತಮ್ಮ ಮೈಮೇಲಿನ ಉಣುಗಿನೊಡನೆ ಈ ರೋಗವನ್ನು ಹೊತ್ತು ತಂದಿರಬಹುದೇ? ಇದನ್ನು ತಿಳಿಯುವ ಸಲುವಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘದ ಸಲೀಂ ಅಲಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯ ದಾರಿಯನ್ನು ಗುರುತಿಸುವ ದೊಡ್ಡ ಕಾರ್ಯವನ್ನು ಕೈಗೊಂಡರು. ಹಕ್ಕಿಗಳೇ ತಂದವೆಂಬುದಕ್ಕೆ ಆಧಾರ ದೊರೆಯಲಿಲ್ಲ. ಆದರೆ ಜ್ವರವೊಂದು ಎಲ್ಲಿಂದ ಬಂತೆಂದು ಕೇಳುವ ಪದ್ಧತಿ ನಮ್ಮ ಬೆಟ್ಟದಲ್ಲಿಯೇ ಹೀಗೆ ಮೊದಲಾಯಿತು.

ಅನಂತರದ ಕಥೆಯೂ ಇದನ್ನೇ ಹೇಳುತ್ತದೆ. ಹಲವು ವರ್ಷ ಸಾಗರ, ಸೊರಬ, ಶಿಕಾರಿಪುರಗಳ ಸುತ್ತಲೇ ಇದ್ದ ರೋಗ 1982–83ರಲ್ಲಿ ಬೆಳ್ತಂಗಡಿಯ ಕಡೆ ಕಾಣಿಸಿತು. 2012ರಲ್ಲಿ ಬಂಡೀಪುರ, ಅನಂತರ ಕೇರಳದ ವಯನಾಡು, 2015ರಲ್ಲಿ ಗೋವೆಯ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ, 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು. ಗೋವೆಯ ಗೇರು ತೋಟಗಳಿಗೆ ಕೂಲಿಗೆ ಹೋಗಿ ಬೆಳಗಾವಿ ಜಿಲ್ಲೆಯ ತಮ್ಮ ಹಳ್ಳಿಗೆ ಮರಳಿದ ಕಾರ್ಮಿಕರಲ್ಲಿಯೂ ಈ ರೋಗ ಪತ್ತೆಯಾಗಿದೆ. ಜ್ವರ ಕಾಣಿಸಿದ್ದು ಬೆಳಗಾವಿಯಲ್ಲಿ. ಉಣುಗು ಕಚ್ಚಿದ್ದು ಗೋವೆಯಲ್ಲಿ. ಗೇರು ಕೊಯ್ಲಿಗೆ ಹೋಗಿದ್ದೆವೆಂಬ ಮಾತು ಹೊರಬರದಿದ್ದರೆ ಕಾರಣ ತಿಳಿಯುವುದು ಕಷ್ಟವಾಗುತ್ತಿತ್ತು.

3. ಹೊರದೇಶಗಳ ಉಣುಗು ಜ್ವರಗಳು

ನಮ್ಮವರು ಹೋಗಿಬರುವ ದೇಶಗಳಲ್ಲಿ ಮುಖ್ಯವಾದವುಗಳನ್ನು ಮಾತ್ರ ಇಲ್ಲಿ ಹೇಳಲಾಗಿದೆ.

(ಅ) ಲೈಮ್ ರೋಗ: ಅಮೆರಿಕದ ಈಶಾನ್ಯ ಭಾಗದಲ್ಲಿ, ಉತ್ತರದ ಒಳನಾಡಿನ ಕೆಲವು ರಾಜ್ಯಗಳಲ್ಲಿ ಮತ್ತು ಯೂರೋಪಿನ ಬಹುಭಾಗದಲ್ಲಿ ಉಂಟು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನಲ್ಲಿ 1975ರ ಸುಮಾರಿಗೆ ಅನೇಕ ಮಕ್ಕಳಿಗೆ ಏಕಕಾಲಕ್ಕೆ ಕೀಲು ಬಾವು ಬಂತು. ಒಂದೇ ಬೀದಿಯ ಇಷ್ಟು ಮಕ್ಕಳಿಗೆ ಕೀಲುನೋವು ಹೇಗೆ ಬಂತೆಂದು ತಾಯಂದಿರು ಪಟ್ಟುಹಿಡಿದು ಕೇಳಿದ್ದರಿಂದ ವಿಚಾರಣೆ ನಡೆಯಿತು. ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ 1980ರ ದಶಕದ ಮೊದಲಲ್ಲಿ ಉಣುಗಿನ ಹೊಟ್ಟೆಯಲ್ಲಿ ಸುರುಳಿಯಾಕಾರದ ರೋಗಾಣುವನ್ನು ಕಂಡರು.

ನ್ಯೂಜೆರ್ಸಿ, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್‌ಗಳಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ. ಮನೆಯ ಹಿಂದೆ ಹುಲ್ಲು, ಅದರಾಚೆ ಕಾಡು, ಅದರಲ್ಲಿ ಜಿಂಕೆ ಮತ್ತು ಇಲಿ. ತಂದೆತಾಯಿಗಳು ಅಲ್ಲಿಗೆ ಹೋಗುವ ಬೇಸಿಗೆಯೇ ಎಳೆಯ ಉಣುಗು ಹೆಚ್ಚಾಗಿರುವ ಕಾಲ. ಕಚ್ಚಿದ 3ರಿಂದ 30 ದಿನಗಳೊಳಗೆ ಆ ಜಾಗದಲ್ಲಿ ಕೆಂಪು ಮಚ್ಚೆ ಎದ್ದು ದಿನದಿನಕ್ಕೂ ಅಗಲವಾಗುತ್ತದೆ. ಕೆಲವೊಮ್ಮೆ ನಡುವೆ ತಿಳಿಯಾಗಿ ಬಳೆಯಂತೆ ಕಾಣುತ್ತದೆ. ನೋವಿಲ್ಲ, ತುರಿಕೆಯೂ ಅಷ್ಟಿಲ್ಲ. ಊರಿಗೆ ಬಂದ ಮೇಲೆ ಇದನ್ನು ಕಂಡವರು ಹುಳುಕಡ್ಡಿಯೆಂದು ತಿಳಿದು ಮುಲಾಮು ಹಚ್ಚುವ ಸಂಭವ ಹೆಚ್ಚು. ಆರಂಭದಲ್ಲಿ ಔಷಧ ಕೊಟ್ಟರೆ ಎರಡು ಮೂರು ವಾರಗಳಲ್ಲಿ ಗುಣವಾಗುವ ರೋಗ ಇದು. ಬಿಟ್ಟರೆ ತಿಂಗಳುಗಳ ಮೇಲೆ ಮುಖದ ಒಂದು ಕಡೆ ಸೋಲು ಬೀಳುವುದು, ಎದೆಬಡಿತ ತಪ್ಪುವುದು, ಮಂಡಿ ಊದುವುದು ಉಂಟು. ಮೊದಲ ವಾರಗಳಲ್ಲಿ ರಕ್ತ ಪರೀಕ್ಷೆಯಲ್ಲಿ ರೋಗ ಕಾಣಿಸದೆಯೂ ಇರಬಹುದು. ಆದ್ದರಿಂದ ಮಚ್ಚೆಯನ್ನೂ, ಹೋಗಿಬಂದ ಊರನ್ನೂ ನೋಡಿಯೇ ವೈದ್ಯರು ನಿರ್ಧರಿಸಬೇಕಾಗುತ್ತದೆ.

(ಆ) ಅಮೆರಿಕದ ಮಚ್ಚೆ ಜ್ವರ: ಇದರ ಹೆಸರಿನಲ್ಲಿ ರಾಕಿ ಪರ್ವತ ಇದ್ದರೂ ಇಂದು ಹೆಚ್ಚಾಗಿ ಕಾಣುವುದು ಉತ್ತರ ಕೆರೊಲಿನ, ಟೆನೆಸ್ಸಿ, ಆರ್ಕಾನ್ಸಾ, ಒಕ್ಲಹೋಮ ಮೊದಲಾದ ಕಡೆ. ಉಣುಗಿನಿಂದ ಇದು ಹರಡುವುದನ್ನು 1906ರಲ್ಲಿ ತೋರಿಸಿಕೊಟ್ಟವರು ಹೋವರ್ಡ್ ರಿಕೆಟ್ಸ್. 1910ರಲ್ಲಿ ಮೆಕ್ಸಿಕೋದಲ್ಲಿ ಟೈಫಸ್ ಜ್ವರವನ್ನು ಅಭ್ಯಾಸ ಮಾಡುತ್ತಿದ್ದಾಗ ಅದೇ ರೋಗಕ್ಕೆ ಅವರು ಬಲಿಯಾದರು. ಈ ಗುಂಪಿನ ರೋಗಾಣುಗಳಿಗೆ ಅವರ ಹೆಸರಿನಿಂದಲೇ ರಿಕೆಟ್ಸಿಯ ಎಂದು ಹೆಸರಿಟ್ಟಿದ್ದಾರೆ. ತೀವ್ರ ಜ್ವರ, ತಲೆನೋವು, ಆಮೇಲೆ ಮಣಿಕಟ್ಟು ಮತ್ತು ಕಾಲ ಗಂಟಿನಿಂದ ಹರಡುವ ಕೆಂಪು ಚುಕ್ಕೆ. ಜ್ವರ ಹಿಡಿದ ಐದು ದಿನಗಳೊಳಗೆ ಡಾಕ್ಸಿಸೈಕ್ಲಿನ್ ಆರಂಭವಾದರೆ ಬಹುಮಟ್ಟಿಗೆ ಅಪಾಯವಿಲ್ಲ. ತಡವಾದರೆ ಪ್ರಾಣಕ್ಕೆ ಎರವು. ಪರೀಕ್ಷೆಯ ಫಲ ಬರುವವರೆಗೂ ಕಾಯುವಂತಿಲ್ಲ.

(ಇ) ಆಫ್ರಿಕದ ಉಣುಗು ಜ್ವರ: ದಕ್ಷಿಣ ಆಫ್ರಿಕದ ಕ್ರೂಗರ್ ಮೊದಲಾದ ವನ್ಯಧಾಮಗಳಿಗೆ ಹೋದವರಲ್ಲಿ ಸಾಮಾನ್ಯ. ಅಲ್ಲಿಯ ಉಣುಗು ಹುಲ್ಲಿನಲ್ಲಿ ಕಾದು ಕುಳಿತಿರುವುದಲ್ಲದೆ ಮನುಷ್ಯನನ್ನು ಹುಡುಕಿಕೊಂಡೂ ಬರುತ್ತದೆ. ಒಬ್ಬರಿಗೇ ಹಲವು ಕಚ್ಚುತ್ತವೆ. 5ರಿಂದ 10 ದಿನಗಳಲ್ಲಿ ಜ್ವರ, ಕುತ್ತಿಗೆಯ ನೋವು, ಕಚ್ಚಿದಲ್ಲೆಲ್ಲ ಸುಟ್ಟ ಗಾಯದಂಥ ಕಪ್ಪು ಹಕ್ಕಳೆ, ತೊಡೆಸಂದಿಯಲ್ಲಿ ಗಡ್ಡೆ. ಒಟ್ಟಿಗೆ ಪ್ರವಾಸ ಹೋದ ನಾಲ್ಕಾರು ಮಂದಿಗೆ ಒಂದೇ ವಾರದಲ್ಲಿ ಬರುವುದೂ ಉಂಟು. ಇದು ಪ್ರಾಣ ತೆಗೆಯುವ ರೋಗವಲ್ಲ. ಡಾಕ್ಸಿಸೈಕ್ಲಿನ್‌ಗೆ ಬೇಗ ಇಳಿಯುತ್ತದೆ. ಆದರೆ ಆಫ್ರಿಕದಿಂದ ಬಂದವರ ಜ್ವರದಲ್ಲಿ ಮಲೇರಿಯವನ್ನು ಮೊದಲು ನೋಡಲೇಬೇಕು. ಅದು ಕೊಲ್ಲಬಲ್ಲದು.

(ಈ) ಯೂರೋಪಿನ ಮಿದುಳು ಜ್ವರ: ಆಸ್ಟ್ರಿಯ, ಜರ್ಮನಿಯ ದಕ್ಷಿಣ ಭಾಗ, ಝೆಕ್ ದೇಶ, ಬಾಲ್ಟಿಕ್ ದೇಶಗಳು, ರಷ್ಯಗಳಲ್ಲಿ ಉಂಟು. ನಮ್ಮ ಮಂಗನ ಕಾಯಿಲೆಯ ದಾಯಾದಿ. ಇಲ್ಲಿಯೂ ಒಮ್ಮೆ ಜ್ವರ ಬಂದು ಬಿಟ್ಟು, ಕೆಲವು ದಿನಗಳ ಮೇಲೆ ಮತ್ತೆ ತಲೆಗೇರುವ ಸ್ವಭಾವವಿದೆ. ಅಲ್ಲಿ ಕಾಯಿಸದ ಮೇಕೆ ಹಾಲಿನಿಂದಲೂ ಬರುವುದುಂಟು. ಇದಕ್ಕೆ ಒಳ್ಳೆಯ ಲಸಿಕೆ ಇದೆ. ಆ ದೇಶಗಳ ಕಾಡಿನಂಚಿನ ಊರುಗಳಲ್ಲಿ ನೆಲೆಸುವವರು ಅಲ್ಲಿಯ ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಬಹುದು.

(ಉ) ಕೊಲ್ಲಿ ದೇಶಗಳ ರಕ್ತಸ್ರಾವ ಜ್ವರಗಳು: ಎರಡನ್ನು ತಿಳಿದಿರಬೇಕು. ಮೊದಲನೆಯದು ಕ್ರಿಮಿಯನ್ ಕಾಂಗೋ ಜ್ವರ. ಕುರಿ, ಆಡು, ಒಂಟೆ, ದನಗಳ ಉಣುಗಿನಿಂದ, ಅಥವಾ ಆ ಪ್ರಾಣಿಗಳನ್ನು ಕೊಯ್ಯುವಾಗ ರಕ್ತ ತಗುಲಿ ಬರುತ್ತದೆ. ರೋಗಿಗಳಲ್ಲಿ ನೂರಕ್ಕೆ 10ರಿಂದ 40 ಮಂದಿ ಸಾಯುವ ಘೋರ ರೋಗ ಇದು. ಭಾರತದಲ್ಲಿ 2011ರಲ್ಲಿ ಗುಜರಾತಿನಲ್ಲಿ ಮೊದಲ ಬಾರಿಗೆ ದೃಢಪಟ್ಟಿತು. ರೋಗಿಯನ್ನು ಉಪಚರಿಸಿದ ವೈದ್ಯರೂ ದಾದಿಯೂ ತೀರಿಕೊಂಡರು. 2016ರಲ್ಲಿ ಒಮಾನ್ ದೇಶದಲ್ಲಿ ಕೆಲಸಕ್ಕಿದ್ದ ಗುಜರಾತಿನವರೊಬ್ಬರು ಈ ರೋಗದೊಡನೆ ಊರಿಗೆ ಮರಳಿದ್ದು ದಾಖಲಾಗಿದೆ.

ಎರಡನೆಯದು ಆಲ್ಖುರ್ಮ ಜ್ವರ. 1990ರ ದಶಕದಲ್ಲಿ ಸೌದಿ ಅರೇಬಿಯದ ಜೆಡ್ಡಾದ ಸುತ್ತ, ಕುರಿ ಕೊಯ್ಯುವವರಲ್ಲಿ ಪತ್ತೆಯಾದ ವೈರಾಣು. ಪರೀಕ್ಷಿಸಿ ನೋಡಿದರೆ ಅದು ನಮ್ಮ ಕ್ಯಾಸನೂರು ವೈರಾಣುವಿನ ಅತಿ ಹತ್ತಿರದ ನೆಂಟ! ಮಳೆಯ ಕಾಡಿನ ಒಂದು ರೋಗ, ಮರಳುಗಾಡಿನ ಇನ್ನೊಂದು ರೋಗ, ಎರಡಕ್ಕೂ ಒಂದೇ ವಂಶ. 2010ರಲ್ಲಿ ಇಟಲಿಯ ಇಬ್ಬರು ಪ್ರವಾಸಿಗರು ಈಜಿಪ್ಟಿನ ತೆಂಕಣ ಗಡಿಯ ಶಲಾತೀನ್ ಎಂಬಲ್ಲಿ ಒಂಟೆ ಸಂತೆ ನೋಡಲು ಹೋಗಿದ್ದರು. ಜ್ವರ ಹಿಡಿದು ಪರೀಕ್ಷೆ ನಡೆದಾಗ ಅವರಲ್ಲಿ ಇದೇ ರೋಗ ಕಂಡುಬಂತು. ಸಂತೆಗೆ ಹೋಗಿದ್ದೆವೆಂಬ ಒಂದು ಮಾತು ಅಲ್ಲಿ ಎಷ್ಟು ಬೆಲೆಯದೆಂದು ಯೋಚಿಸಿ ನೋಡಿ.

4. ದಿನ ಎಣಿಸುವ ಲೆಕ್ಕ

ಉಣುಗು ಕಚ್ಚಿದ ದಿನದಿಂದ ರೋಗ ಕಾಣಿಸುವವರೆಗಿನ ದಿನಗಳು ಸುಮಾರಾಗಿ ಹೀಗಿವೆ:

ಮಂಗನ ಕಾಯಿಲೆ: 3ರಿಂದ 8 ದಿನ
ಕ್ರಿಮಿಯನ್ ಕಾಂಗೋ ಜ್ವರ: 1ರಿಂದ 9 ದಿನ
ಅಮೆರಿಕದ ಮಚ್ಚೆ ಜ್ವರ: 3ರಿಂದ 12 ದಿನ
ಆಫ್ರಿಕದ ಉಣುಗು ಜ್ವರ: 5ರಿಂದ 10 ದಿನ
ಯೂರೋಪಿನ ಮಿದುಳು ಜ್ವರ: ಸಾಮಾನ್ಯವಾಗಿ 7ರಿಂದ 14 ದಿನ
ಲೈಮ್ ರೋಗದ ಮಚ್ಚೆ: 3ರಿಂದ 30 ದಿನ

ಇದನ್ನು ಬಳಸುವುದು ಹೇಗೆ? ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ಬೆಳೆಗಾರರ ಮಗ ದಕ್ಷಿಣ ಆಫ್ರಿಕದಲ್ಲಿ ಡಿಸೆಂಬರ್ 15ರಂದು ವನ್ಯಧಾಮದಲ್ಲಿ ಸುತ್ತಾಡಿ, 20ರಂದು ಊರಿಗೆ ಬಂದ. 24ರಂದು ಜ್ವರ ಬಂತು. ಹದಿನೈದರಿಂದ ಎಣಿಸಿದರೆ ಒಂಬತ್ತು ದಿನ; ಆಫ್ರಿಕದ ಲೆಕ್ಕಕ್ಕೆ ಸರಿ ಹೊಂದುತ್ತದೆ. ಮೈಮೇಲೆ ಕಪ್ಪು ಹಕ್ಕಳೆ ಇದೆಯೇ ಎಂದು ನೋಡಬೇಕು. ಮಲೇರಿಯ ಪರೀಕ್ಷೆಯಂತೂ ಆಗಲೇಬೇಕು.

ಅದೇ ಹುಡುಗನಿಗೆ 24ರಂದು ಏನೂ ಆಗಲಿಲ್ಲವೆನ್ನಿ. 26ರಂದು ತಂದೆಯೊಡನೆ ಸೊಪ್ಪಿನ ಬೆಟ್ಟಕ್ಕೆ ಹೋದ. ಜನವರಿ 1ರಂದು ಜ್ವರ, ತೀವ್ರ ತಲೆನೋವು, ಸೊಂಟನೋವು, ಕಣ್ಣು ಕೆಂಪು. ಆಫ್ರಿಕದ ಹುಲ್ಲಿನಿಂದ ಎಣಿಸಿದರೆ ಹದಿನೇಳು ದಿನ. ಅಲ್ಲಿಯ ಉಣುಗು ಜ್ವರಕ್ಕೆ ಅದು ಹೆಚ್ಚಾಯಿತು. ಬೆಟ್ಟದಿಂದ ಎಣಿಸಿದರೆ ಆರು ದಿನ. ಮಂಗನ ಕಾಯಿಲೆಗೆ ಸರಿಯಾಗಿ ಕೂಡುತ್ತದೆ. ಪರದೇಶದಿಂದ ಬಂದವನೆಂದು ಪರದೇಶದ ರೋಗವನ್ನೇ ಹುಡುಕುತ್ತ ಕುಳಿತರೆ ಮನೆಯ ಹಿಂದಿನ ರೋಗ ತಪ್ಪಿಹೋಗುತ್ತದೆ. ಜೊತೆಗೆ ನಮ್ಮಲ್ಲಿಯೇ ನಾಯಿಯ ಉಣುಗಿನಿಂದ ಬರುವ ಟೈಫಸ್ ಇದೆ. ಪೊದೆಗಳಲ್ಲಿನ ಸಣ್ಣ ನುಸಿಯ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಕೂಡ ಇದೆ. ಅದರಲ್ಲಿಯೂ ಕಪ್ಪು ಹಕ್ಕಳೆ ಕಾಣಬಹುದು. ಈ ಎರಡಕ್ಕೂ ಡಾಕ್ಸಿಸೈಕ್ಲಿನ್ ಔಷಧವೇ.

ಲೆಕ್ಕ ಹಾಕಿ ರೋಗದ ಹೆಸರು ಹೇಳುವುದು ನಮ್ಮ ಕೆಲಸವಲ್ಲ. ದಿನಾಂಕಗಳನ್ನು ತಪ್ಪಿಲ್ಲದೆ ಕೊಡುವುದು ನಮ್ಮ ಕೆಲಸ. ಮಿಕ್ಕಿದ್ದು ವೈದ್ಯರದು.

5. ಹೆಸರು ತಿಳಿಯುವುದರಿಂದ ಪ್ರಯೋಜನವೇನು?

ಯಾವ ಜ್ವರವಾದರೇನು, ಮಾತ್ರೆ ಕೊಟ್ಟರೆ ಆಯಿತು ಎನ್ನುವವರಿದ್ದಾರೆ. ಅದು ತಪ್ಪು. ಲೈಮ್ ರೋಗ ಮತ್ತು ರಿಕೆಟ್ಸಿಯ ಜ್ವರಗಳಿಗೆ ನಿಶ್ಚಿತ ಔಷಧವಿದೆ. ಅದು ಬೇಗ ಸಿಕ್ಕಬೇಕು. ಮಂಗನ ಕಾಯಿಲೆಯಂಥ ವೈರಾಣು ಜ್ವರಗಳಿಗೆ ಅಂಥ ಔಷಧವಿಲ್ಲ. ನೀರಿನಂಶ ಕಾಯುವುದು, ರಕ್ತಸ್ರಾವವನ್ನು ಗಮನಿಸುವುದು, ಎರಡನೆಯ ಸುತ್ತಿನ ಜ್ವರಕ್ಕೆ ಎಚ್ಚರವಾಗಿರುವುದು, ಇವೇ ಪ್ರಾಣ ಉಳಿಸುತ್ತವೆ. ಮಂಗನ ಕಾಯಿಲೆಯಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ನೂರಕ್ಕೆ 10ರಿಂದ 20 ಮಂದಿಗೆ ಒಂದೆರಡು ವಾರಗಳ ಬಿಡುವಿನ ಮೇಲೆ ಮತ್ತೆ ಜ್ವರ ಬಂದು ತಲೆನೋವು, ನಡುಕ, ಮಂಪರು ಕಾಣಿಸಬಹುದು. ಗುಣವಾಯಿತೆಂದು ಕೆಲಸಕ್ಕಿಳಿಯುವುದಾಗಲಿ ವಿಮಾನ ಹತ್ತುವುದಾಗಲಿ ಆಗ ಕೂಡದು.

ಮೈಕೈ ನೋವೆಂದು ಅಂಗಡಿಯಿಂದ ಆಸ್ಪಿರಿನ್ ಅಥವಾ ಐಬುಪ್ರೊಫೆನ್ ತಂದು ನುಂಗುವುದು ಬೇಡ. ರಕ್ತಸ್ರಾವವಾಗುವ ಜ್ವರಗಳಲ್ಲಿ ಅವು ಕೇಡು ಮಾಡುತ್ತವೆ. ವೈದ್ಯರನ್ನು ಕಾಣುವವರೆಗೆ ಪ್ಯಾರಾಸಿಟಮಾಲ್ ಸಾಕು.

6. ನಮ್ಮಲ್ಲಿಗೆ ಬಂದು ಹೋಗುವವರ ವಿಷಯ

ಇದುವರೆಗೆ ಹೊರಗಿನಿಂದ ಬರುವ ಜ್ವರದ ಮಾತಾಯಿತು. ಇಲ್ಲಿಂದ ಹೊರಗೆ ಹೋಗುವ ಜ್ವರದ ಮಾತನ್ನೂ ಆಡದಿದ್ದರೆ ಪಾಠ ಅರ್ಧವಾಗುತ್ತದೆ. ಏಕೆಂದರೆ ಬೇರೆ ದೇಶದ ವೈದ್ಯರ ಪಾಲಿಗೆ ನಮ್ಮ ತೋಟವೇ ಪರದೇಶ.

ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಜನವರಿಯಿಂದ ಮಾರ್ಚಿಯವರೆಗೆ ಹೆಚ್ಚು. ಕಾಫಿ ಹಣ್ಣು ಕುಯ್ಲು, ಅಡಿಕೆ ಕೊನೆ ಕೊಯ್ಲು, ದರಕು ಗುಡಿಸುವುದು, ಎಲ್ಲವೂ ಇದೇ ಕಾಲದ ಕೆಲಸಗಳು. ಪರದೇಶದ ಮಕ್ಕಳು ರಜೆಗೆ ಬರುವುದೂ, ಹೋಂಸ್ಟೇಗಳಿಗೆ ಅತಿಥಿಗಳು ಬರುವುದೂ ಇದೇ ತಿಂಗಳುಗಳಲ್ಲಿ. ಎರಡು ದಿನ ಇದ್ದು, ಕಾಡಿನ ದಾರಿಯಲ್ಲಿ ಜಲಪಾತಕ್ಕೆ ನಡೆದು, ಮೂರನೆಯ ದಿನ ಲಂಡನ್ನಿಗೆ ಹೋದವರಿಗೆ ಜ್ವರ ಬರುವುದು ಅಲ್ಲಿ. ಅಲ್ಲಿಯ ವೈದ್ಯರು ಈ ರೋಗವನ್ನು ಪುಸ್ತಕದಲ್ಲಿ ಬಿಟ್ಟರೆ ಕಂಡಿರುವುದಿಲ್ಲ. ಹೇಳಿದರೆ ಅತಿಥಿಗಳು ಹೆದರಿ ಬಾರದೆ ಹೋಗುತ್ತಾರೆ ಎಂಬ ಅಳುಕು ನಮ್ಮಲ್ಲಿ ಕೆಲವರಿಗೆ ಇದೆ. ಅದು ಅರ್ಥವಾಗುವ ಮಾತೇ. ಕಾಫಿ ಅಡಿಕೆಯ ಧಾರಣೆ ಬಿದ್ದ ವರ್ಷ ಆ ಆದಾಯವೇ ಮನೆ ನಡೆಸಿದೆ. ಆದರೆ ಹೇಳದೆ ಕಳುಹಿಸಿದ ಅತಿಥಿ ದೂರದ ಊರಿನಲ್ಲಿ ಹೆಸರು ತಿಳಿಯದ ಜ್ವರದಿಂದ ಮಲಗಿದರೆ ಅದರ ಭಾರ ಯಾರದು? ಕಾಡಿನಲ್ಲಿ ಜಿಗಣೆ ಇದೆಯೆಂದು ನಗುತ್ತ ಹೇಳುವ ನಾವು ಉಣುಗು ಇದೆಯೆಂದು ಹೇಳಲು ನಾಚಬೇಕಾದ್ದಿಲ್ಲ.

ಹೊರಡುವಾಗ ಅವರ ಕೈಗೆ ಒಂದು ಚೀಟಿ ಕೊಡಿ: “ನೀವು ಇಂಥ ದಿನದಿಂದ ಇಂಥ ದಿನದವರೆಗೆ ಮಂಗನ ಕಾಯಿಲೆ ಕಾಣಿಸುವ ಪ್ರದೇಶದಲ್ಲಿ ತಂಗಿದ್ದಿರಿ. ಎರಡು ವಾರಗಳೊಳಗೆ ಜ್ವರ ಬಂದರೆ ಈ ಚೀಟಿಯನ್ನು ವೈದ್ಯರಿಗೆ ತೋರಿಸಿ.” ಇಂಗ್ಲಿಷಿನಲ್ಲಿಯೂ ಬರೆಯಿಸಿಡಿ. ಕುಯ್ಲು ಮುಗಿಸಿ ತಮ್ಮ ಊರಿಗೆ ಮರಳುವ ಕೂಲಿಯವರಿಗೂ ಇದೇ ಚೀಟಿ ಕೊಡತಕ್ಕದ್ದು. ಓದಲು ಬಾರದವರಿಗೆ ಬಾಯಲ್ಲಿ ಹೇಳಿ. ಲೈನ್ ಮನೆಯಲ್ಲಿ ಜ್ವರದಿಂದ ಮಲಗಿದವರನ್ನು ಲೆಕ್ಕ ತೀರಿಸಿ ಬಸ್ಸು ಹತ್ತಿಸಿ ಕಳುಹಿಸುವುದು ಸಲ್ಲದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಜ್ವರದ ಮೊದಲ ವಾರದಲ್ಲಿ ತೆಗೆದ ರಕ್ತದಲ್ಲಿ ವೈರಾಣುವನ್ನು ನೇರವಾಗಿ ಪತ್ತೆಹಚ್ಚಬಹುದು.

7. ಕಚ್ಚದಂತೆ, ಕಚ್ಚಿದರೆ

ಈ ನಿಯಮಗಳು ಇಲ್ಲಿಗೂ ಪರದೇಶಕ್ಕೂ ಒಂದೇ.

(1) ಹುಲ್ಲು, ತರಗೆಲೆ, ಪೊದೆಗಳಿರುವಲ್ಲಿ ತುಂಬು ತೋಳು, ಉದ್ದ ಷರಾಯಿ ತೊಡಿ. ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ತಿಳಿ ಬಣ್ಣದ ಬಟ್ಟೆಯಾದರೆ ಉಣುಗು ಕಣ್ಣಿಗೆ ಬೀಳುತ್ತದೆ.

(2) ಇಲ್ಲಿ ಆರೋಗ್ಯ ಇಲಾಖೆ ಹಂಚುವ ಡೇಪ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಹೊರದೇಶಗಳಲ್ಲಿ ಡೀಟ್ ಎಂಬ ಲೇಪ ಸಿಗುತ್ತದೆ.

(3) ದರಕಿನ ಮೇಲೆ ನೇರವಾಗಿ ಕುಳಿತುಕೊಳ್ಳಬೇಡಿ. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದಿ, ಮಂಡಿಯ ಹಿಂಭಾಗ, ಸೊಂಟ, ಕಿವಿಯ ಹಿಂದೆ, ಮಕ್ಕಳಾದರೆ ತಲೆಗೂದಲು, ಇಷ್ಟನ್ನೂ ಒಬ್ಬರಿಗೊಬ್ಬರು ನೋಡಿ.

(4) ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಅದರ ಮೂತಿಯ ಬಳಿ ಹಿಡಿದು ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪು, ಬೀಡಿಯ ಕಿಡಿ ಯಾವುದನ್ನೂ ತಾಗಿಸಬೇಡಿ. ಉಗುರಿನಿಂದ ಹೊಸಕಬೇಡಿ. ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ.

(5) ಆ ದಿನದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

(6) ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಸುತ್ತಲೂ ಹರಡಿರುತ್ತವೆ. ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಿ.

8. ಸದಸ್ಯರು ಕೇಳಬಹುದಾದ ಪ್ರಶ್ನೆಗಳು

ಪ್ರಶ್ನೆ: ಪರದೇಶದಿಂದ ಬಂದವರ ಉಣುಗು ಜ್ವರ ಮನೆಯ ಇತರರಿಗೆ ಅಂಟುತ್ತದೆಯೇ?
ಉತ್ತರ: ಲೈಮ್ ರೋಗ, ರಿಕೆಟ್ಸಿಯ ಜ್ವರಗಳು, ಮಂಗನ ಕಾಯಿಲೆ ಇವು ರೋಗಿಯ ಉಪಚಾರದಿಂದ ಅಂಟುವುದಿಲ್ಲ. ಕ್ರಿಮಿಯನ್ ಕಾಂಗೋ ಜ್ವರ ಮಾತ್ರ ರಕ್ತ ಮತ್ತು ಮೈಯ ದ್ರವಗಳಿಂದ ಅಂಟುತ್ತದೆ. ಕೊಲ್ಲಿ ದೇಶದಲ್ಲಿ ಕುರಿ ಒಂಟೆಗಳ ಒಡನಾಟವಿದ್ದು ಬಂದವರಿಗೆ ಜ್ವರವೂ ರಕ್ತಸ್ರಾವವೂ ಇದ್ದರೆ ಆಸ್ಪತ್ರೆಗೆ ಹೋಗುವ ಮೊದಲೇ ಫೋನು ಮಾಡಿ ತಿಳಿಸಿ. ಉಪಚರಿಸುವವರ ಪ್ರಾಣವೂ ಮುಖ್ಯ.

ಪ್ರಶ್ನೆ: ಉಣುಗು ಕಚ್ಚಿದ ಕೂಡಲೇ ಮಾತ್ರೆ ನುಂಗಬಹುದೇ?
ಉತ್ತರ: ತಾವಾಗಿಯೇ ನುಂಗಕೂಡದು. ಅಮೆರಿಕದ ಲೈಮ್ ರೋಗದ ಪ್ರದೇಶಗಳಲ್ಲಿ ಉಣುಗು ಒಂದೂವರೆ ದಿನಕ್ಕಿಂತ ಹೆಚ್ಚು ಕಚ್ಚಿಕೊಂಡಿದ್ದರೆ, ತೆಗೆದ 72 ಗಂಟೆಗಳೊಳಗೆ ವೈದ್ಯರು ಒಂದೇ ಸಲದ ಡಾಕ್ಸಿಸೈಕ್ಲಿನ್ ಕೊಡುವುದುಂಟು. ಬೇರೆ ಉಣುಗು ಜ್ವರಗಳಿಗೆ ಆ ಪದ್ಧತಿ ಇಲ್ಲ. ಬೇಗ ಕಿತ್ತು, ತಾರೀಖು ಬರೆದು, ಒಂದು ತಿಂಗಳು ಎಚ್ಚರದಿಂದಿರುವುದೇ ಸರಿಯಾದ ಕ್ರಮ.

ಪ್ರಶ್ನೆ: ಮಂಗನ ಕಾಯಿಲೆಗೆ ಹಿಂದೆ ಹಾಕುತ್ತಿದ್ದ ಲಸಿಕೆ ಏನಾಯಿತು?
ಉತ್ತರ: ಅದು ಸಾಕಷ್ಟು ರಕ್ಷಣೆ ಕೊಡುವುದಿಲ್ಲವೆಂದು ಕಂಡುಬಂದು 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಯನ್ನು ಸಿದ್ಧಪಡಿಸುವ ಕೆಲಸ ಕೈಗೊಳ್ಳಲಾಗಿದೆ. ಹಿಂದೆ ಹಾಕಿಸಿಕೊಂಡವರು ಅದನ್ನೇ ನಂಬಿ ಮೈಮರೆಯಬಾರದು.

ಪ್ರಶ್ನೆ: ದನಗಳಿಂದ ಮಂಗನ ಕಾಯಿಲೆ ಬರುತ್ತದೆಯೇ?
ಉತ್ತರ: ದನ ರೋಗದ ಮೂಲವಲ್ಲ. ಆದರೆ ದೊಡ್ಡ ಉಣುಗುಗಳಿಗೆ ಅದೇ ಊಟ. ಉಣುಗಿನ ಸಂತತಿ ಬೆಳೆಯುವುದು ಅದರಿಂದ. ಮಂಗ ಸತ್ತ ಕಾಡಿಗೆ ದನ ಬಿಡಬೇಡಿ. ಪಶುವೈದ್ಯರನ್ನು ಕೇಳಿ ದನಗಳ ಉಣುಗಿಗೆ ಔಷಧ ಮಾಡಿಸಿ.

9. ಕೊನೆಯ ಮಾತು

ಮುಂದಿನ ಸಲ ಮನೆಯಲ್ಲಿ ಯಾರಿಗಾದರೂ ಜ್ವರ ಬಂದು ವೈದ್ಯರಲ್ಲಿಗೆ ಹೊರಟಾಗ, ಔಷಧದ ಹಳೆಯ ಚೀಟಿಗಳ ಜೊತೆಗೆ ಒಂದು ಹಾಳೆಯಲ್ಲಿ ಮೂರು ಸಾಲು ಬರೆದುಕೊಂಡು ಹೋಗಿ. ಕಳೆದ ಒಂದು ತಿಂಗಳಲ್ಲಿ ಯಾವ ಯಾವ ಊರಿಗೆ, ದೇಶಕ್ಕೆ ಹೋಗಿದ್ದೆವು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ. ಅಲ್ಲಿ ಹುಲ್ಲು, ಕಾಡು, ದನ, ಕುರಿ, ನಾಯಿಗಳ ಒಡನಾಟವಿತ್ತೇ. ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ. ಆಸ್ಪತ್ರೆಯಲ್ಲಿ ರೋಗಿಗಳ ಸಾಲು ಉದ್ದವಾಗಿದ್ದ ದಿನ ಅವರಿಗೆ ಕೇಳಲು ಪುರುಸೊತ್ತು ಇಲ್ಲದೆ ಇರಬಹುದು. ಆ ಹಾಳೆ ಓದಲು ಅರ್ಧ ನಿಮಿಷ ಸಾಕು.

ಲೈಮ್ ಊರಿನ ತಾಯಂದಿರು ವೈದ್ಯರಲ್ಲ, ವಿಜ್ಞಾನಿಗಳಲ್ಲ. ತಮ್ಮ ಬೀದಿಯಲ್ಲಿ ಕಂಡದ್ದನ್ನು ಬಿಡದೆ ಹೇಳಿದರು, ಅಷ್ಟೇ. ಕ್ಯಾಸನೂರಿನ ಜನವೂ ಮಂಗ ಸಾಯುತ್ತಿವೆ ಎಂದು ಹೇಳಿದರು. ನಾವೂ ಕಂಡದ್ದನ್ನು, ಹೋದದ್ದನ್ನು ಹೇಳೋಣ. ಈ ಪುಟವನ್ನು ಕತ್ತರಿಸಿ ಪಂಚಾಂಗ ತೂಗುಹಾಕಿದ ಮೊಳೆಗೇ ಸಿಕ್ಕಿಸಿಟ್ಟರೆ ಬೇಕಾದಾಗ ಕೈಗೆ ಸಿಗುತ್ತದೆ.